ಸಿಗರೇಟು ಪ್ಯಾಕಿನ ಮುತ್ತಜ್ಜಿ

ಚಾಮರಾಜನಿಗೆ ಮುತ್ತಜ್ಜಿ ಬೇಕಾಗಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಗೋಡೆಯ ಮೇಲಿನ ಒಂದು ಕಲೆಯನ್ನು ಮುಚ್ಚುವಷ್ಟು ಅಗಲದ ಯಾವುದಾದರೊಂದು ಪಟ.

ದುಬೈನ ಕರಾಮದಲ್ಲಿ, ಲಿಫ್ಟು ತನಗೆ ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುವ ಒಂದು ಹಳೆಯ ಕಟ್ಟಡದಲ್ಲಿ ಅವನ ಸಂಸಾರ. ಹಾಲ್‌ನ ಏಸಿ ಒಸರಿ ಒಸರಿ ಸೋಫಾದ ಮೇಲುಗಡೆ ಗೋಡೆಯಲ್ಲೊಂದು ಕಲೆ ಎದ್ದಿತ್ತು. ಆಫ್ರಿಕಾ ಖಂಡದ ಆಕಾರ, ಹೆಚ್ಚುಕಡಿಮೆ ಅಷ್ಟೇ ಗಾಂಭೀರ್ಯ. ಇಷ್ಟು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಈಗ ಮಗಳು ಶ್ರೀನಿಧಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು.

ನೋಡುವುದೆಂದರೆ ಬರೀ ಶಾಸ್ತ್ರ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಶ್ರೀನಿಧಿಯೂ, ದೂರದ ಮದೀನತ್ ಜಾಯೆದ್‌ನಲ್ಲಿ ತೈಲ ಕಂಪನಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಚಿರಂತನನೂ ವಾರಾಂತ್ಯಗಳಲ್ಲಿ ಒಬ್ಬರನ್ನೊಬ್ಬರು ಆಗಲೇ ಸಾಕಷ್ಟು ನೋಡಿಕೊಂಡಿದ್ದರು. ಇನ್ನು ನೋಡಿಕೊಳ್ಳಬೇಕಾಗಿದ್ದವರು ಹಿರಿಯರು. ಚಿರಂತನನ ತಂದೆ ನಂಜರಾಜಯ್ಯನವರು ಮಿರ್ದಿಫ್‌ನ ವಿಲ್ಲಾದಲ್ಲಿ ಇರುವವರು. ವಿಲ್ಲಾದಲ್ಲಿ ಎಂದರೆ ವಿಲ್ಲಾದ ಹಿಂಭಾಗದ ಎರಡು ಕೋಣೆಗಳಲ್ಲಿ. ಆದರೆ ವಿಳಾಸ ಹೇಳುವಾಗ ಹಿಂಭಾಗ ಮುಂಭಾಗ ಎಂದು ಯಾರು ವಿಂಗಡಿಸುತ್ತಾರೆ?

“ಅವರು ಬರೋಷ್ಟರಲ್ಲಿ ಆ ಕಲೆ ಕಾಣಿಸಬಾರದು,” ಎಂದಳು ಹೆಂಡತಿ ಬಿಂದು. “ಪೇಂಟ್ ಹೊಡೆಸಿ, ಬೀರು ತಂದಿಡಿ, ಇಲ್ಲಾ ನೀವೇ ಅಲ್ಲಿ ನಿಂತ್ಕೊಳ್ಳಿ. ಏನಾದ್ರೂ ಮಾಡಿ.”

ಚಾಮರಾಜ ನಿಂತುಕೊಂಡು ಅಳತೆ ನೋಡಿದ. ಎರಡೂ ಪಕ್ಕದಲ್ಲಿ ಆಫ್ರಿಕಾ ಉಳಿಯಿತು. ಹಾಗಾಗಿ ಪಟ ತರಲು ಹೊರಟ.

ಎರಡು ಬೀದಿಯಾಚೆ ಭಟ್ಕಳದ ಬದ್ರುದ್ದೀನ್ ಸಾಹೇಬರ ಹಳೆ ಸಾಮಾನಿನ ಅಂಗಡಿ. ನಿಂತುಹೋದ ಗಡಿಯಾರಗಳು, ಮೂತಿ ಸೊಟ್ಟಗಾದ ಹಿತ್ತಾಳೆ ಕಾಫಿ ಹೂಜಿಗಳು, ಒಂಟಿ ಕಿವಿಯ ಪಿಂಗಾಣಿ ಒಂಟೆ. ಇವುಗಳ ನಡುವೆ ಒಂದು ಆಲ್ಬಮ್ಮು. ಅದರ ತುಂಬ ಬೆಂಕಿಪೊಟ್ಟಣದಷ್ಟಗಲದ ರಟ್ಟುಗಳು, ರಟ್ಟಿಗೊಬ್ಬ ಬಿಳಿ ಹೆಂಗಸು. ಒಬ್ಬಳಿಗೆ ಚಿಟ್ಟೆಯ ರೆಕ್ಕೆ, ಒಬ್ಬಳಿಗೆ ಸಿಪಾಯಿಯ ಮೀಸೆ, ಇನ್ನೊಬ್ಬಳು ತಗಡಿನ ಅರ್ಧಚಂದ್ರನ ಮೇಲೆ ಕುಳಿತು ಯಾರಿಗೋ ಕಾಯುತ್ತಿದ್ದಳು.

“ಸಿಗರೇಟಿನ ಕಾರ್ಡು,” ಎಂದರು ಬದ್ರುದ್ದೀನ್ ಸಾಹೇಬರು. “ವಿಕ್ಟೋರಿಯಾ ರಾಣಿ ಕಾಲದ್ದು. ಪ್ಯಾಕಿನಲ್ಲಿ ಸಿಗರೇಟು ಮುರೀಬಾರ್ದು ಅಂತ ಒಳಗೆ ಒಂದು ರಟ್ಟು ಇಡ್ತಿದ್ರು. ಖಾಲಿ ರಟ್ಟು ಯಾಕೆ ಅಂತ ನಾಟಕದ ನಟಿಯರ ಫೋಟೋ ಹಾಕಿದ್ರು. ಆಮೇಲೆ ಜನ ಫೋಟೋ ಬೇಕು ಅಂತ್ಲೇ ಸಿಗರೇಟು ಸೇದಿದ್ರು.”

ಕೊನೆಯ ಪುಟದಲ್ಲಿ ಒಬ್ಬಳಿದ್ದಳು. ತಲೆಯ ಮೇಲೆ ಮೂರಂತಸ್ತಿನ ಕಿರೀಟ, ಕೊರಳಿನಲ್ಲಿ ಮುತ್ತಿನ ಸರಗಳ ರಾಶಿ, ಸೀರೆಯ ಬಗ್ಗೆ ಬರೀ ಕೇಳಿ ತಿಳಿದವರು ಉಡಿಸಿದಂತಿದ್ದ ಸೀರೆ. ಒಂದು ಕೈ ಸೊಂಟದ ಮೇಲಿಟ್ಟು, ಈ ಬೆಂಡೆಕಾಯಿ ಬಲಿತಿದೆ ಎಂದು ಗದರುವವಳ ಹಾಗೆ ನಿಂತಿದ್ದಳು.

“ಇವಳು?”

“ಇವಳೂ ನಟಿಯೇ. ಲಂಡನ್ನಿನ ಯಾವುದೋ ನಾಟಕದಲ್ಲಿ ಹಿಂದೂಸ್ತಾನದ ರಾಣಿ ಪಾರ್ಟು ಮಾಡಿದ್ಲು ಅಂತ ಕಾಣ್ತದೆ. ಹೆಸರು ಅಳಿಸಿಹೋಗಿದೆ.”

“ಇದನ್ನ ದೊಡ್ಡದು ಮಾಡಿಸಬಹುದಾ?”

“ಎಷ್ಟು ದೊಡ್ಡದು?”

ಚಾಮರಾಜ ಎರಡೂ ಕೈ ಚಾಚಿ ಆಫ್ರಿಕಾ ತೋರಿಸಿದ.

ಪಕ್ಕದ ಸ್ಟುಡಿಯೋದವನ ಕೃಪೆಯಿಂದ ಸಂಜೆಯೊಳಗೆ ನಟಿಯು ಬಾಗಿಲಿನಷ್ಟಾಗಿ, ಚಿನ್ನದ ಬಣ್ಣದ ಕಟ್ಟಿನೊಳಗೆ ನಿಂತು ಕರಾಮದ ಬೀದಿಯಲ್ಲಿ ಮೆರವಣಿಗೆ ಬಂದಳು.

ಗೋಡೆಗೆ ತೂತು ಕೊರೆಯಲು ಎದುರು ಮನೆಯ ಜುವಾಕಿಂ ತನ್ನ ಡ್ರಿಲ್ಲಿಂಗ್ ಮೆಷೀನು ಹಿಡಿದುಕೊಂಡು ಬಂದ. ಕಿನ್ನಿಗೋಳಿ ಕಡೆಯ ಈ ಜುವಾಕಿಂ ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವವನು. ಕೇಳಿದ ಸುದ್ದಿಯನ್ನು ತಾನೊಬ್ಬನೇ ಇಟ್ಟುಕೊಳ್ಳುವುದು ಅವನ ವೃತ್ತಿಧರ್ಮಕ್ಕೆ ವಿರುದ್ಧವಾಗಿತ್ತು. ಅದೇ ಹೊತ್ತಿಗೆ ಅಡುಗೆಮನೆಯಿಂದ ಚಾಮರಾಜನ ಅತ್ತೆ ಪುಟ್ಟಮ್ಮನವರು ಹೊರಬಂದರು. ಮೊಮ್ಮಗಳ ಸಂಬಂಧ ಕುದುರಿಸಲು ವಿಸಿಟ್ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದ ಹಿರಿಯರು ಅವರು. ಅವರಿಗೆ ಇಬ್ಬರು ಅಳಿಯಂದಿರು. ಮೈಸೂರಿನಲ್ಲಿದ್ದವರನ್ನು ‘ನಮ್ಮ ಡಾಕ್ಟರು’ ಎನ್ನುತ್ತಿದ್ದರು. ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ನಕ್ಷೆಗಳನ್ನು ಜೋಡಿಸಿಡುವ ಚಾಮರಾಜನನ್ನು ‘ಇವರು’ ಎನ್ನುತ್ತಿದ್ದರು.

ಪುಟ್ಟಮ್ಮನವರು ಪಟದ ಮುಂದೆ ನಿಂತರು. “ಯಾರಪ್ಪ ಈಯಮ್ಮ?”

ಚಾಮರಾಜ ಸತ್ಯ ಹೇಳಲೆಂದೇ ಬಾಯಿ ತೆರೆದ. ಇದಕ್ಕೆ ಜುವಾಕಿಂ ಸಾಕ್ಷಿ. ಆದರೆ ಅಷ್ಟರಲ್ಲಿ ಪುಟ್ಟಮ್ಮನವರು ಪಟಕ್ಕೆ ಕೈ ಮುಗಿದು, ಕಣ್ಣಿಗೊತ್ತಿಕೊಂಡುಬಿಟ್ಟಿದ್ದರು. ಕೈ ಮುಗಿದ ಮೇಲೆ ‘ಅದು ಸಿಗರೇಟಿನ ನಟಿ’ ಎಂದು ಅತ್ತೆಗೆ ಹೇಳುವ ಅಳಿಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

“ನಮ್ಮ... ಕಡೆಯವರು.”

“ಮುತ್ತಜ್ಜಿಯೇನು?”

“ಹ್ಞೂಂ.”

“ಕಿರೀಟ ಎಲ್ಲ ಉಂಟಲ್ಲ ಮಾರಾಯ್ರೆ!” ಎಂದ ಜುವಾಕಿಂ, ಮೆಷೀನು ನಿಲ್ಲಿಸಿ. “ಅರಮನೆಯವ್ರಾ?”

ಚಾಮರಾಜನ ಬಾಯಲ್ಲಿ ಆಗ ಸ್ಕ್ರೂಗಳಿದ್ದವು. ತೂತು ಇನ್ನೂ ಸ್ವಲ್ಪ ಮೇಲೆ ಬರಲಿ ಎಂಬರ್ಥದಲ್ಲಿ ಅವನು ಗಲ್ಲ ಮೇಲಕ್ಕೆತ್ತಿ ಆಡಿಸಿದ. ಅರಮನೆಯವರಿಗಿಂತಲೂ ಮೇಲೆ ಎಂದು ಜುವಾಕಿಂ ಅರ್ಥ ಮಾಡಿಕೊಂಡ.

ಮರುದಿನ ಕಟ್ಟಡದ ಕಾವಲುಗಾರ ಅಬ್ದುಲ್ ಸಲಾಂ, ಚಾಮರಾಜ ಕೆಳಗಿಳಿದಾಗ ಕುರ್ಚಿಯಿಂದ ಎದ್ದು ನಿಂತ. ಜುವಾಕಿಂನ ಹೆಂಡತಿ ಎಮಿಲಿಯಾ, “ಇಷ್ಟು ದೊಡ್ಡವರು ನಮ್ಮ ಹತ್ರ ಕೊತ್ತಂಬರಿ ಸೊಪ್ಪು ಕಡ ಕೇಳ್ತಿದ್ರಲ್ಲ, ಎಂತಾ ಸರಳ!” ಎಂದು ಮಹಡಿ ಮಹಡಿಯಲ್ಲೂ ಹೇಳಿಬಂದಳು. ಮನೆಯೊಳಗಿನ ಬದಲಾವಣೆ ಇನ್ನೂ ದೊಡ್ಡದು. ಪುಟ್ಟಮ್ಮನವರ ಬಾಯಲ್ಲಿ ‘ಇವರು’ ಹೋಗಿ ‘ಅಳಿಯಂದಿರು’ ಬಂತು. ಕಾವಲಿಯಿಂದ ಎದ್ದ ಮೊದಲ ದೋಸೆ ಚಾಮರಾಜನ ತಟ್ಟೆಗೆ ಬೀಳತೊಡಗಿತು. ಮೈಸೂರಿನ ಮಗಳಿಗೆ ಫೋನು ಮಾಡಿ, “ನಿನ್ನ ಗಂಡ ಡಾಕ್ಟರೇ ಇರಬಹುದಮ್ಮ, ಆದರೆ ಓದಿದರೆ ಯಾರು ಬೇಕಾದರೂ ಡಾಕ್ಟರಾಗ್ತಾರೆ,” ಎಂದದ್ದನ್ನು ಚಾಮರಾಜ ಸ್ವಂತ ಕಿವಿಯಿಂದ ಕೇಳಿದ. ಅಂಥದ್ದನ್ನು ಕೇಳಿದ ಮೇಲೆ ಸತ್ಯ ಹೇಳುವ ಉಮೇದು ಸಹಜವಾಗಿಯೇ ಕಡಿಮೆಯಾಗುತ್ತದೆ.

ಬಿಂದು ಮಾತ್ರ ಗಂಡನನ್ನು ಓರೆಗಣ್ಣಿನಿಂದ ನೋಡಿದಳು. “ಮದುವೆಯಾಗಿ ಇಷ್ಟು ವರ್ಷ ಆಯ್ತು. ಒಂದಿನವಾದರೂ ಹೇಳಿಲ್ಲವಲ್ಲ?”

“ನಿನಗೆ ಜಂಬ ಬರಬಾರದು ಅಂತ,” ಎಂದ ಚಾಮರಾಜ.

ಶ್ರೀನಿಧಿ ನಗುತ್ತಾ ಫೋನಿನಲ್ಲಿ ಚಿರಂತನನಿಗೆ, “ಅಪೇರೆಂಟ್ಲಿ ವೀ ಆರ್ ರಾಯಲ್ಟಿ!” ಎಂದಳು. ಚಿರಂತನ ನಗುತ್ತಾ ಮಿರ್ದಿಫ್‌ನ ಮನೆಯಲ್ಲಿ ಹೇಳಿದ. ಅಲ್ಲಿ ನಂಜರಾಜಯ್ಯನವರು ನಗಲಿಲ್ಲ.

ಗಂಡಿನ ಕಡೆಯವರು ಬರುವ ಹಿಂದಿನ ವಾರ ಬಿಸಿಲು ಏರಿ, ಏಸಿ ಹಗಲಿರುಳು ಓಡಿ, ಒಸರುವುದು ಜೋರಾಯಿತು. ಬೆಳಿಗ್ಗೆ ಊದುಬತ್ತಿ ಹಚ್ಚಲು ಹೋದ ಪುಟ್ಟಮ್ಮನವರು ಕಿರುಚಿದರು. “ಬಿಂದೂ! ಬಾರೇ! ಮುತ್ತಜ್ಜಿ ಅಳ್ತಿದಾರೆ!”

ಗಾಜಿನ ಮೇಲೆ, ಸರಿಯಾಗಿ ಎರಡು ಕಣ್ಣುಗಳಿಂದ ಎಂಬಂತೆ, ಎರಡು ಸಾಲು ನೀರು ಕೆಳಗಿಳಿಯುತ್ತಿತ್ತು. ಎದುರು ಮನೆಯಿಂದ ಎಮಿಲಿಯಾ ಮೇಣದಬತ್ತಿ ಹಿಡಿದೇ ಓಡಿಬಂದಳು. ಶಿಲುಬೆಯ ಗುರುತು ಮಾಡಿಕೊಂಡು, “ಪಾಪ, ಎಂತ ಸಂಕಟವೋ,” ಎಂದು ತಾನೂ ಕಣ್ಣೊರೆಸಿಕೊಂಡಳು. ಜುವಾಕಿಂ ತಲೆದೂಗಿದ. “ಊರಲ್ಲಾಗಿದ್ರೆ ಇಷ್ಟೊತ್ತಿಗೆ ಸ್ಪೆಷಲ್ ಬಸ್ಸು ಬಿಡ್ತಿದ್ರು.”

“ಏಸಿ ಕಣ್ರೀ! ಏಸಿ ನೀರು!” ಎಂದ ಚಾಮರಾಜ.

“ಏಸಿ ಇಷ್ಟು ದಿನ ಇರಲಿಲ್ವೇ? ಸಂಬಂಧ ಕೂಡೋ ಹೊತ್ತಲ್ಲೇ ಯಾಕೆ ಸೋರಬೇಕು?” ಎಂದರು ಪುಟ್ಟಮ್ಮನವರು.

ಏಸಿ ರಿಪೇರಿಯ ಅನ್ಸಿಫ್ ಏಣಿ ತಂದ. ಕಾಸರಗೋಡಿನ ಹುಡುಗನಾದ್ದರಿಂದ ಅವನಿಗೆ ಕನ್ನಡ ಬರುತ್ತಿತ್ತು. “ಪೈಪು ಬ್ಲಾಕ್ ಆಗಿದೆ ಅಮ್ಮ. ಕ್ಲೀನ್ ಮಾಡಿದ್ರೆ ಖಲಾಸ್.”

“ಮುತ್ತಜ್ಜಿಗೆ ಪೈಪು ಎಲ್ಲಿಂದ ಬಂತಪ್ಪ?” ಎಂದರು ಪುಟ್ಟಮ್ಮನವರು. ಅವನು ಚಪ್ಪಲಿ ಬಿಟ್ಟು, ಪಟಕ್ಕೆ ಕೈ ಮುಗಿದ ಮೇಲೆಯೇ ಏಣಿ ಹತ್ತಲು ಬಿಟ್ಟರು. ಅವನು ಪೈಪು ಊದಿದ, ಇವರು ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿದರು, ಕಣ್ಣೀರು ನಿಂತಿತು. ಇದರ ಕೀರ್ತಿ ಯಾರಿಗೆ ಸಂದಿತೆಂದು ಬೇರೆ ಹೇಳಬೇಕಾಗಿಲ್ಲ.

ಮುಂದಿನ ಶನಿವಾರ ಗಂಡಿನ ಕಡೆಯವರು ಬಂದರು. ನಂಜರಾಜಯ್ಯ, ಅವರ ಹೆಂಡತಿ ಗಿರಿಜಾಂಬ, ಹಿಂದೆ ಸಿಹಿಯ ಪೊಟ್ಟಣ ಹಿಡಿದ ಚಿರಂತನ. ನಂಜರಾಜಯ್ಯನವರು ಸಾಗಾಣಿಕೆ ಕಂಪನಿಯ ಆಡಳಿತ ವಿಭಾಗದಲ್ಲಿದ್ದವರು. ಮಾತನಾಡುವ ಮೊದಲು ಒಮ್ಮೆ ಕೆಮ್ಮುವಷ್ಟು ಗೌರವಸ್ಥರು. ಅವರು ಒಳಗೆ ಬಂದರು, ಗೋಡೆ ನೋಡಿದರು, ಕೆಮ್ಮಿದರು. ಆಮೇಲೆ ಮಾತು ಬರಲಿಲ್ಲ.

ಮಾತು ಬಂದದ್ದು ಗಿರಿಜಾಂಬನವರಿಗೆ. “ರೀ! ನಿಮ್ಮ ಮುತ್ತಜ್ಜಿ ಇಲ್ಲಿದಾರಲ್ರೀ!”

“ಯಾರ ಮುತ್ತಜ್ಜಿ?” ಎಂದರು ಪುಟ್ಟಮ್ಮನವರು.

“ನಮ್ಮ ಯಜಮಾನರ ಮುತ್ತಜ್ಜಿ. ಇದೇ ಪಟ ನಮ್ಮನೇಲೂ ಇದೆ. ಹೋದ ತಿಂಗಳು ತಾನೇ ಇವರ ಊರಿಂದ ತರಿಸಿದ್ದು. ನೋಡಿ ಬೇಕಾದ್ರೆ!” ಗಿರಿಜಾಂಬ ಮೊಬೈಲು ತೆಗೆದು ತೋರಿಸಿದರು. ಅದೇ ಕಿರೀಟ, ಅದೇ ಸೊಂಟ, ಅದೇ ಬೆಂಡೆಕಾಯಿಯ ಸಿಟ್ಟು. ಕಟ್ಟು ಮಾತ್ರ ಬೆಳ್ಳಿಯ ಬಣ್ಣದ್ದು.

ಚಾಮರಾಜ ನಂಜರಾಜಯ್ಯನವರನ್ನು ನೋಡಿದ. ನಂಜರಾಜಯ್ಯ ಫ್ಯಾನು ನೋಡಿದರು.

ಒಂದು ಕ್ಷಣ ಎಲ್ಲರಿಗೂ ಹಿಗ್ಗೋ ಹಿಗ್ಗು. ಹಾಗಾದರೆ ನಾವು ಮೊದಲೇ ನೆಂಟರು, ಋಣಾನುಬಂಧ ಎಂದರೆ ಇದೇ ಎಂದು ಬಿಂದು, ಗಿರಿಜಾಂಬ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಪುಟ್ಟಮ್ಮನವರು ಮಾತ್ರ ಹಿಗ್ಗಲಿಲ್ಲ. ನೆಂಟಸ್ತಿಕೆಯ ಲೆಕ್ಕದಲ್ಲಿ ಮೈಸೂರಿನ ನಾಲ್ಕು ಮೊಹಲ್ಲಾಗಳಲ್ಲಿ ಅವರ ಮಾತಿಗೆ ಮೇಲ್ಮನವಿ ಇರಲಿಲ್ಲ. ಟೀಪಾಯಿಯ ಮೇಲೆ ಸಕ್ಕರೆ ಡಬ್ಬಿ ಇಟ್ಟರು.

“ಇದು ಮುತ್ತಜ್ಜಿ. ಲೋಟ ಅಂದ್ರೆ ಗಂಡಸು, ಚಮಚ ಅಂದ್ರೆ ಹೆಂಗಸು. ಅಳಿಯಂದಿರೇ, ನಿಮಗೆ ಈಯಮ್ಮ ಅಜ್ಜನ ತಾಯಿ ತಾನೆ?”

“ಹ್ಞೂಂ,” ಎಂದ ಚಾಮರಾಜ ಕ್ಷೀಣವಾಗಿ.

“ನಿಮಗೆ?”

“ಅಜ್ಜನ... ತಾಯಿಯೇ,” ಎಂದು ನಂಜರಾಜಯ್ಯ ಕೆಮ್ಮಿದರು.

ಸಕ್ಕರೆ ಡಬ್ಬಿಯ ಎರಡು ಪಕ್ಕದಲ್ಲೂ ಲೋಟಗಳು ಸಾಲಾಗಿ ಕೂತವು. ಅಜ್ಜಂದಿರು, ಅಪ್ಪಂದಿರು, ಈಗ ಸೋಫಾದ ಮೇಲೆ ಬೆವರುತ್ತಿದ್ದ ಇಬ್ಬರು. ಒಂದು ಸಾಲಿನ ಕೊನೆಗೆ ಒಂದು ಪುಟ್ಟ ಲೋಟ, ಇನ್ನೊಂದರ ಕೊನೆಗೆ ಒಂದು ಚಮಚ. ಪುಟ್ಟಮ್ಮನವರು ಸ್ವಲ್ಪ ಹೊತ್ತು ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಲೋಟದಿಂದ ಲೋಟ, ಲೋಟದಿಂದ ಲೋಟ. ಅಣ್ಣತಮ್ಮಂದಿರ ಸಾಲು. ಹುಡುಗ ಹುಡುಗಿ ವರಸೆಯಲ್ಲಿ ಅಣ್ಣ ತಂಗಿ ಆಗ್ತಾರೆ.”

ಚಿರಂತನನ ಕೈಯಿಂದ ಸಿಹಿಯ ಪೊಟ್ಟಣ ಕೆಳಗೆ ಬಿತ್ತು.

“ಅಜ್ಜೀ, ದಟ್ಸ್ ರಿಡಿಕ್ಯುಲಸ್!” ಎಂದಳು ಶ್ರೀನಿಧಿ.

“ನೀನು ಸುಮ್ಮನಿರಮ್ಮ. ಒಂದೇ ಒಂದು ಕಡೆ ನಡುವೆ ಚಮಚ ಬಂದಿದ್ರೆ ಸಾಕಿತ್ತು. ಸೋದರತ್ತೆ ಸೋದರಮಾವನ ಸಂಬಂಧ ಆಗಿ, ಕಣ್ಣಿಗೊತ್ತಿಕೊಂಡು ಮಾಡಬಹುದಿತ್ತು. ಬರಲಿಲ್ಲವಲ್ಲ.” ಪುಟ್ಟಮ್ಮನವರು ಪಟದ ಕಡೆ ತಿರುಗಿದರು. “ಅದಕ್ಕೇ ಅವತ್ತು ಅತ್ತರು. ನಾನು ಅರ್ಥ ಮಾಡಿಕೊಳ್ಳಲಿಲ್ಲ.”

ಗಿರಿಜಾಂಬ ಎರಡು ಕಿವಿಯನ್ನೂ ಮುಟ್ಟಿಕೊಂಡು, ಅಣ್ಣ ತಂಗಿಯ ಮದುವೆ ಮಾಡಿದ ಪಾಪ ತನಗೆ ಬೇಡ ಎಂದರು. ಕಾಫಿ ಆರಿತು. ಕೇಸರಿಬಾತು ಹಾಗೆಯೇ ಉಳಿಯಿತು.

ಆ ವಾರ ಮನೆಯಲ್ಲಿ ಶ್ರೀನಿಧಿ ಅಪ್ಪನ ಜೊತೆ ಮಾತು ಬಿಟ್ಟಳು. ಒಮ್ಮೆ ಮಾತ್ರ, ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ನಿಂತು, “ಪಪ್ಪಾ, ನನಗೆ ಚಿರಂತನ್ ಬೇಕು. ನಿಮ್ಮ ಮುತ್ತಜ್ಜಿ ಬೇಡ. ಪ್ಲೀಸ್ ಡೂ ಸಮ್‌ಥಿಂಗ್,” ಎಂದಳು. ಕಣ್ಣು ಕೆಂಪಾಗಿತ್ತು. ಚಾಮರಾಜ ಅಂದು ಆಫೀಸಿನಲ್ಲಿ ಒಂದು ಆಸ್ಪತ್ರೆಯ ನಕ್ಷೆಯನ್ನು ಈಜುಕೊಳದ ಫೈಲಿನೊಳಗೆ ಜೋಡಿಸಿಟ್ಟ.

ಕೊನೆಗೆ ಅವನು ನಂಜರಾಜಯ್ಯನವರಿಗೆ ಫೋನು ಮಾಡಿ ಕಾಫಿಗೆ ಕರೆದ. ಕರಾಮದ ಹೋಟೆಲೊಂದರ ಮೂಲೆಯ ಮೇಜಿನಲ್ಲಿ ಇಬ್ಬರೂ ಎದುರುಬದುರು ಕೂತರು. ನಟಿ ಯಾರೆಂದು ಇಬ್ಬರಿಗೂ ಗೊತ್ತು. ಎದುರಿಗಿರುವವರಿಗೆ ಗೊತ್ತು ಎನ್ನುವುದೂ ಇಬ್ಬರಿಗೂ ಗೊತ್ತು. ಹೀಗೆ ಎಲ್ಲವೂ ಗೊತ್ತಿದ್ದವರ ನಡುವೆ ನಡೆದ ಮಾತುಕತೆ ಹೀಗಿತ್ತು:

“ನಿಮ್ಮ ಮುತ್ತಜ್ಜಿ ತುಂಬ ಗಂಭೀರವಾಗಿದಾರೆ,” ಎಂದ ಚಾಮರಾಜ.

“ನಿಮ್ಮವರೂ ಅಷ್ಟೆ,” ಎಂದರು ನಂಜರಾಜಯ್ಯ.

“ನಿಮ್ಮ ಪಟ... ಊರಿಂದಲೇ ಬಂತಾ?”

“ಊರಿಂದಲೇ. ನಿಮ್ಮದು?”

“ನಮ್ಮದೂ ಊರಿಂದಲೇ.”

“ಪಾರ್ಸೆಲ್ಲು ಚೆನ್ನಾಗಿ ಬಂತಾ?”

“ಗಾಜು ಒಡೆದಿರಲಿಲ್ಲ.”

ಮಸಾಲೆದೋಸೆ ಬಂತು, ತಿಂದರು. ನೀವು ಮೊದಲು ಹೇಳಿ ಎಂದು ಇಬ್ಬರೂ ಕಣ್ಣಿನಲ್ಲೇ ಬೇಡಿಕೊಂಡರು. ಯಾರೂ ಹೇಳಲಿಲ್ಲ. ಕೈ ತೊಳೆದು ಬಂದು, “ಮುಂದಿನ ಶನಿವಾರ ನಮ್ಮಲ್ಲಿಗೆ ಬನ್ನಿ, ಇನ್ನೊಂದು ಸಲ ಕೂತು ಮಾತಾಡೋಣ,” ಎಂದರು ನಂಜರಾಜಯ್ಯ.

ಶನಿವಾರ ಮಿರ್ದಿಫ್‌ಗೆ ಹೋಗುವಾಗ ಟ್ಯಾಕ್ಸಿಯಲ್ಲಿ ಚಾಮರಾಜ ಸಿದ್ಧನಾಗಿದ್ದ. ಪುಟ್ಟಮ್ಮನವರೇ ಹೇಳಿದ್ದರಲ್ಲ, ಒಂದು ಕಡೆ ಒಂದು ಚಮಚ ಸಾಕು ಎಂದು! ಸತ್ಯವನ್ನು ಪೂರ್ತಿ ಹೊರಗೆ ತೆಗೆಯುವ ಬದಲು ಸುಳ್ಳನ್ನೇ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಆಯಿತು. ಮಿರ್ದಿಫ್‌ನ ಹಿಂಭಾಗದ ಕೋಣೆಯಲ್ಲಿ, ಬೆಳ್ಳಿಯ ಕಟ್ಟಿನ ರಾಣಿಯ ಕೆಳಗೆ ಎಲ್ಲರೂ ಕೂತ ಕೂಡಲೇ ಅವನು ಗಂಟಲು ಸರಿಮಾಡಿಕೊಂಡ.

“ಊರಿಗೆ ಫೋನು ಮಾಡಿ ವಿಚಾರಿಸಿದೆ. ನಾನು ತಪ್ಪು ಹೇಳಿದ್ದೆ. ಈಯಮ್ಮ ನಮ್ಮ ಅಜ್ಜನ ತಾಯಿ ಅಲ್ಲ, ಅಜ್ಜಿಯ ತಾಯಿ.”

ಅವನ ಮಾತು ಮುಗಿಯುವ ಮೊದಲೇ ನಂಜರಾಜಯ್ಯನವರ ಮಾತೂ ಹೊರಟುಬಿಟ್ಟಿತ್ತು. “ನಾನೂ ವಿಚಾರಿಸಿದೆ. ನಮಗೂ ಅಜ್ಜಿಯ ತಾಯಿಯಂತೆ.”

ಇಬ್ಬರೂ ಪರಸ್ಪರ ನೋಡಿಕೊಂಡರು. ತ್ಯಾಗ ಮಾಡಲು ಇಬ್ಬರೂ ಒಟ್ಟಿಗೆ ಏಳಬಾರದು ಎಂಬುದು ಅವರಿಗೆ ಹೊಳೆಯುವಷ್ಟರಲ್ಲಿ ಪುಟ್ಟಮ್ಮನವರು ಗಿರಿಜಾಂಬನವರ ಲೋಟ ಚಮಚಗಳನ್ನು ಜೋಡಿಸಿ ಮುಗಿಸಿದ್ದರು.

“ಅಯ್ಯೋ ನಿಮ್ಮ! ಎರಡೂ ಕಡೆ ಚಮಚ ತಂದಿರಲ್ಲಪ್ಪ! ಆಗ ಅಣ್ಣತಮ್ಮಂದಿರ ಮಕ್ಕಳು, ಈಗ ಅಕ್ಕತಂಗಿ ಮಕ್ಕಳು. ಮತ್ತೆ ಅಣ್ಣ ತಂಗಿಯೇ!”

ಶ್ರೀನಿಧಿ ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತಳು. ಅವಳ ಹೆಗಲು ಅಲುಗುತ್ತಿತ್ತು. ಚಿಕ್ಕಂದಿನಲ್ಲಿ ಅಳುವುದನ್ನು ಯಾರಿಗೂ ತೋರಿಸಬಾರದೆಂದು ಅವಳು ನಿಲ್ಲುತ್ತಿದ್ದುದೇ ಹಾಗೆ. ಚಾಮರಾಜ ಅದನ್ನು ನೋಡಿದ. ಎದ್ದು ನಿಂತ.

“ಅತ್ತೇ, ಆ ಡಬ್ಬಿ ತೆಗೀರಿ. ಅವಳು ನಮ್ಮ ಮುತ್ತಜ್ಜಿ ಅಲ್ಲ.”

“ಅಜ್ಜಿಯ ಅಕ್ಕನೇನು?”

“ಯಾರೂ ಅಲ್ಲ! ಅರಮನೆಯವಳಲ್ಲ, ಮೈಸೂರಿನವಳಲ್ಲ. ಲಂಡನ್ನಿನಲ್ಲಿ ನಾಟಕ ಮಾಡ್ತಿದ್ದ ನಟಿ. ಸಿಗರೇಟು ಪ್ಯಾಕಿನೊಳಗೆ ಇಡ್ತಿದ್ದ ಫೋಟೋ. ಏಸಿ ಕಲೆ ಮುಚ್ಚೋಕೆ ಕರಾಮದ ಅಂಗಡಿಯಿಂದ ತಂದೆ. ನೀವು ಕೈ ಮುಗಿದ್ರಿ, ನಾನು ಹ್ಞೂಂ ಅಂದೆ. ನಮ್ಮ ನಿಜವಾದ ಮುತ್ತಜ್ಜಿ ಫೋಟೋ ಒಂದೂ ಇಲ್ಲ. ಅವಳ ಹೆಸರೂ ನನಗೆ ಗೊತ್ತಿಲ್ಲ.”

ಪುಟ್ಟಮ್ಮನವರ ಕೈಯಲ್ಲಿ ಚಮಚ ಹಾಗೆಯೇ ನಿಂತಿತು. ಬಿಂದು ತಲೆಯ ಮೇಲೆ ಕೈ ಹೊತ್ತಳು. ಈಗ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ. ಏಕೆಂದರೆ ಗಿರಿಜಾಂಬ ಎದ್ದು ನಿಂತಿದ್ದರು.

“ನಮ್ಮ ಮನೇಲಿ ಕೂತು, ನಮ್ಮ ಮುತ್ತಜ್ಜಿಯನ್ನ ಸಿಗರೇಟಿನ ನಟಿ ಅಂತೀರಾ? ನಿಮ್ಮದು ಸುಳ್ಳಿರಬಹುದು, ನಮ್ಮದು ಊರಿಂದ ಬಂದದ್ದು! ರೀ, ಹೇಳ್ರೀ!”

ನಂಜರಾಜಯ್ಯನವರು ಹೆಂಡತಿಯನ್ನು ನೋಡಿದರು. ಕೆಮ್ಮಿದರು. “ಹೌದು,” ಎಂದರು, “ಕ್ಷಮೆ ಕೇಳಿ.”

ಇಷ್ಟು ದೊಡ್ಡ ದ್ರೋಹವನ್ನು ಚಾಮರಾಜ ತನ್ನ ಆಫೀಸಿನಲ್ಲಿ ಕೂಡ ಕಂಡಿರಲಿಲ್ಲ. “ನಂಜರಾಜಯ್ಯನೋರೇ!” ಎಂದ. ನಂಜರಾಜಯ್ಯ ಫ್ಯಾನು ನೋಡಿದರು.

“ನಿಜ ಅಂತ ಆಣೆ ಮಾಡ್ತೀರಾ?” ಎಂದರು ಪುಟ್ಟಮ್ಮನವರು.

“ಮಾಡ್ತೇನೆ! ಈ ಪಟದ ಮೇಲೆ ಕೈಯಿಟ್ಟು ಮಾಡ್ತೇನೆ!” ನಂಜರಾಜಯ್ಯ ದಾಪುಗಾಲು ಹಾಕಿ ಹೋಗಿ ಬೆಳ್ಳಿಯ ಕಟ್ಟಿನ ಮೇಲೆ ಅಂಗೈ ಊರಿದರು. ಲಂಡನ್ನಿನ ನಟಿಯ ಮೇಲೆ ಆಣೆ ಮಾಡಲು ಯಾರಿಗೇನು ಕಷ್ಟ? “ಇವರು ನನ್ನ ಮುತ್ತಜ್ಜಿ!”

“ಅಲ್ಲಿ ಬೇಡ,” ಎಂದರು ಪುಟ್ಟಮ್ಮನವರು. “ಮಗನ ತಲೆ ಮೇಲೆ ಕೈಯಿಟ್ಟು ಹೇಳಿ.”

ಚಿರಂತನ ತಾನಾಗಿಯೇ ಬಂದು ಅಪ್ಪನ ಮುಂದೆ ತಲೆ ಬಗ್ಗಿಸಿದ. ನಂಜರಾಜಯ್ಯನವರು ಕೈ ಎತ್ತಿದರು. ಕೈ ಕೆಳಗಿಳಿಯಿತು, ಕೂದಲಿಗೆ ಒಂದು ಗೇಣು ಮೇಲೆ ನಿಂತಿತು. ಅಲ್ಲಿಂದ ಕೆಳಗೆ ಬರಲಿಲ್ಲ. ಅವರು ಕೆಮ್ಮಲು ನೋಡಿದರು, ಕೆಮ್ಮೂ ಬರಲಿಲ್ಲ.

“ಆಗಲ್ಲಮ್ಮ,” ಎಂದು ಕುರ್ಚಿಯಲ್ಲಿ ಕುಸಿದರು. “ಹುಡುಗಿಯ ಅಪ್ಪನ ಹೆಸರು ಚಾಮರಾಜ, ರಾಜವಂಶದವರಂತೆ ಅಂತ ಚಿರು ಹೇಳಿದ. ನಮ್ಮ ಗೋಡೆ ಮೇಲೆ ಕ್ಯಾಲೆಂಡರ್ ಬಿಟ್ರೆ ಏನಿತ್ತು? ನಮ್ಮನ್ನು ಕೀಳಾಗಿ ಕಂಡಾರು ಅನ್ನಿಸ್ತು. ಕರಾಮಕ್ಕೆ ಹೋಗಿ, ರಾಜಮನೆತನದ್ದು ಏನಾದ್ರೂ ಇದೆಯಾ ಅಂತ ಕೇಳಿದೆ. ‘ಇದೆ, ಮೊನ್ನೆ ಒಬ್ಬರು ಕನ್ನಡದವರು ಇದನ್ನೇ ದೊಡ್ಡದು ಮಾಡಿಸಿಕೊಂಡು ಹೋದ್ರು, ಚೆನ್ನಾಗಿ ಹೋಗ್ತದೆ’ ಅಂದ ಆ ಸಾಬಿ. ಆ ಕನ್ನಡದವರು ಇವರೇ ಅಂತ ನನಗೆ ಹೇಗೆ ಗೊತ್ತಾಗಬೇಕು?”

“ಅಂದ್ರೆ ನಾನು ಒಂದು ತಿಂಗಳಿಂದ ಮಲ್ಲಿಗೆ ಮುಡಿಸಿದ್ದು ಯಾರಿಗೆ?” ಎಂದರು ಗಿರಿಜಾಂಬ.

“ಲಂಡನ್ನಿಗೆ,” ಎಂದರು ನಂಜರಾಜಯ್ಯ.

ಬೀಗರಾಗಬೇಕಾದ ಇಬ್ಬರು, ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿ ಅಕ್ಕಪಕ್ಕ ಕೂತಿದ್ದರು. ಎಲ್ಲರ ಕಣ್ಣೂ ಪುಟ್ಟಮ್ಮನವರ ಮೇಲೆ. ಅವರು ಲೋಟಗಳನ್ನು ಒಂದರೊಳಗೊಂದು ಸೇರಿಸಿದರು, ಚಮಚಗಳನ್ನು ಒರೆಸಿದರು, ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿ ಮಾಡಿದರು. ಆಮೇಲೆ ಗಿರಿಜಾಂಬನವರ ಕಡೆ ತಿರುಗಿದರು.

“ಜಾತಕ ತೋರಿಸೋದು ಬೇಡಮ್ಮ. ಎರಡೂ ಮನೆಯವರು ಒಂದೇ ಅಂಗಡಿಗೆ ಹೋಗಿ, ಒಂದೇ ಸುಳ್ಳು ಆರಿಸಿ ತಂದಿದಾರೆ. ಇದಕ್ಕಿಂತ ಹೊಂದಾಣಿಕೆ ಇನ್ನೆಲ್ಲಿ ಸಿಗುತ್ತೆ? ತಾಂಬೂಲ ತನ್ನಿ.”

ಮೊದಲು ನಕ್ಕವಳು ಶ್ರೀನಿಧಿ. ಕಣ್ಣೀರು ಇನ್ನೂ ಕೆನ್ನೆಯ ಮೇಲಿತ್ತು. ಬಂದು ಅಪ್ಪನ ಪಕ್ಕ ಕೂತು, ಅವನ ತೋಳಿಗೆ ತಲೆಯಾನಿಸಿದಳು. ಚಾಮರಾಜ ಆ ತೋಳನ್ನು ಬಹಳ ಹೊತ್ತು ಅಲುಗಾಡಿಸಲಿಲ್ಲ; ತಾಂಬೂಲವನ್ನು ಕೂಡ ಎಡಗೈಯಲ್ಲಿ ತೆಗೆದುಕೊಳ್ಳಲು ಹೋಗಿ ಬಿಂದುವಿನಿಂದ ಬೈಸಿಕೊಂಡ.

ನಿಶ್ಚಿತಾರ್ಥ ಕರಾಮದಲ್ಲೇ ಆಯಿತು. ಜುವಾಕಿಂ ಬಾಗಿಲಲ್ಲಿ ನಿಂತು ಅತಿಥಿಗಳನ್ನು ಸ್ವಾಗತಿಸಿದ. ಅಷ್ಟರಲ್ಲೇ ಎಲ್ಲರಿಗೂ ಸಿಗರೇಟಿನ ಕಥೆಯನ್ನು, ತಾನು ಮೊದಲೇ ಸಂಶಯಪಟ್ಟಿದ್ದೆನೆಂಬ ಟಿಪ್ಪಣಿಯೊಂದಿಗೆ, ಹೇಳಿ ಮುಗಿಸಿದ್ದ. ಚಾಮರಾಜ ಮತ್ತು ನಂಜರಾಜಯ್ಯ ಒಬ್ಬರಿಗೊಬ್ಬರು ಆಪ್ತರಾದರು. ಒಬ್ಬರ ಮುಂದೆ ಒಬ್ಬರಿಗೆ ದೊಡ್ಡಸ್ತಿಕೆ ತೋರಿಸುವ ಅಗತ್ಯ ಇಲ್ಲದ ಸ್ನೇಹ ಆ ವಯಸ್ಸಿನಲ್ಲಿ ಸಿಗುವುದು ಅಪರೂಪ.

ಪುಟ್ಟಮ್ಮನವರ ವೀಸಾ ಮುಗಿಯುತ್ತಾ ಬಂತು. ಹೊರಡುವ ಮುನ್ನ ಒಂದು ಸಂಜೆ ಅವರು ಚಾಮರಾಜನನ್ನು ಕರೆದು, “ಆ ಅಂಗಡಿಗೆ ನನ್ನ ಕರ್ಕೊಂಡು ಹೋಗಿ,” ಎಂದರು. ಬೈಯಲು ಹೊರಟಿದ್ದಾರೆಂದು ಚಾಮರಾಜ ದಾರಿಯುದ್ದಕ್ಕೂ ಹೆದರಿದ. ಅಂಗಡಿಯಲ್ಲಿ ಅವರು ಸ್ಟೂಲು ಎಳೆದುಕೊಂಡು ಕೂತು ಆಲ್ಬಮ್ಮು ತೆರೆದರು. ನಿಧಾನವಾಗಿ ಪುಟ ತಿರುವಿದರು. ರೆಕ್ಕೆಯವಳನ್ನು ನೋಡಿದರು, ಮೀಸೆಯವಳನ್ನು ನೋಡಿ ಬಾಯಿಗೆ ಸೆರಗು ಒತ್ತಿ ನಕ್ಕರು.

“ಆ ಕಾಲದಲ್ಲಿ ಇಷ್ಟು ಜನದ ಮುಂದೆ ನಿಂತು ಪಾರ್ಟು ಮಾಡಿದಾರಲ್ಲ,” ಎಂದರು. “ನಮ್ಮನ್ನ ನಮ್ಮಪ್ಪ ನಾಟಕ ನೋಡೋಕೂ ಕಳಿಸ್ತಿರಲಿಲ್ಲ.” ಚಂದ್ರನ ಮೇಲೆ ಕೂತವಳ ಬಳಿ ಅವರ ಬೆರಳು ನಿಂತಿತು. “ಇವಳನ್ನ ಕೊಡಿ. ದೊಡ್ಡದು ಮಾಡಿಸೋದು ಬೇಡ. ಇಷ್ಟೇ ಇರಲಿ, ಪರ್ಸಿನಲ್ಲಿ ಹಿಡಿಸುತ್ತೆ.”

ಬದ್ರುದ್ದೀನ್ ಸಾಹೇಬರು ಕಾರ್ಡು ಕಟ್ಟಲು ಕಾಗದ ತರುತ್ತೇನೆಂದು ಒಳಗೆ ಹೋದರು. ಚಾಮರಾಜ ಹೊರಗೆ ನಿಂತು ಫೋನಿನಲ್ಲಿ ಮಾತು ಮುಗಿಸಿ ಬರುವಷ್ಟರಲ್ಲಿ ಪುಟ್ಟಮ್ಮನವರ ಪಕ್ಕದ ಸ್ಟೂಲಿನಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ವಯಸ್ಸಾದ ಹೆಂಗಸು, ಖೈರುನ್ನಿಸ, ಕೂತಿದ್ದರು. ಇಬ್ಬರಿಗೂ ಆಗಲೇ ಒಳ್ಳೆಯ ಗೆಳೆತನ. ಖೈರುನ್ನಿಸ ಕಾರ್ಡನ್ನು ಕನ್ನಡಕದ ಹತ್ತಿರ ಹಿಡಿದು ಮೆಚ್ಚಿಕೊಳ್ಳುತ್ತಿದ್ದರು.

“ಎಷ್ಟ್ ಛಂದ ಅದಾರ್ರೀ! ಯಾರ್ರೀ ಇವ್ರು?”

“ನಮ್ಮ ತಾಯಿಯ ತಾಯಿ,” ಎಂದರು ಪುಟ್ಟಮ್ಮನವರು, ರೆಪ್ಪೆ ಕೂಡ ಬಡಿಯದೆ.

“ಅತ್ತೇ!” ಎಂದ ಚಾಮರಾಜ.

ಪುಟ್ಟಮ್ಮನವರು ಅವನ ಕಡೆ ಬಾಗಿ ದನಿ ತಗ್ಗಿಸಿದರು. “ಸುಮ್ಮನಿರಿ ಅಳಿಯಂದಿರೇ. ಈಯಮ್ಮನ ಮನೇಲಿ ಮದುವೆ ವಯಸ್ಸಿಗೆ ಬಂದಿರೋರು ಯಾರೂ ಇಲ್ಲ. ಕೇಳ್ಕೊಂಡೇ ಹೇಳಿದ್ದು.”